ಘಟಸರ್ಪದ ಗಂಟಲು: ಪ್ರಕಟನೆ ಗ್ರಂಥದ ಮೃಗಗಳನ್ನು ಗಡಿಯಿಂದ ಓದುವುದು

ನನ್ನ ಧ್ವನಿ ಕೇಳಿಸ್ತಿದೆ ಅಂದ್ಕೊಂಡಿದ್ದೀನಿ, ಕೇಳಿಸದಿದ್ರೆ ಚಾಟ್‌ನಲ್ಲಿ ಹಾಕಿ. ಇದು ಕರೆಂಟ್ ಹೋಗುವ ಹೊತ್ತು, ಹಾಗಾಗಿ ಸ್ವಲ್ಪ ಅವಸರದಲ್ಲೇ ಶುರು ಮಾಡ್ತೀನಿ.

ನಾನು ಅಕ್ಕಲಕೋಟೆ ತಾಲೂಕಿನ ಹಳ್ಳಿಯಿಂದ ಮಾತಾಡ್ತಿದ್ದೀನಿ. ಓದಿದ್ದು ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಯಲ್ಲಿ. ಊರಿನ ಸರಕಾರಿ ಬೋರ್ಡುಗಳೆಲ್ಲ ಮರಾಠಿ. ಅಂಥ ಬೋರ್ಡುಗಳಲ್ಲಿ ಒಂದು ದನದ ದವಾಖಾನೆಯ ಗೋಡೆಯ ಮೇಲಿತ್ತು: ಮಳೆಗಾಲಕ್ಕೆ ಮುಂಚೆ ಎಮ್ಮೆ ದನಗಳಿಗೆ ಘಟಸರ್ಪ ಮತ್ತು ಫರ್‍ಯಾ ರೋಗದ ಲಸಿಕೆ ಹಾಕಿಸಿರಿ ಅಂತ. ಕರ್ನಾಟಕದ ಕಡೆ ಗಳಲೆ ರೋಗ, ಗಂಟಲು ಬೇನೆ ಅಂತಾರಲ್ಲ, ಅದಕ್ಕೆ ಮರಾಠಿಯಲ್ಲಿ ಘಟಸರ್ಪ. ಜ್ವರ ಏರುತ್ತೆ, ಗಂಟಲು ಬಾಯುತ್ತೆ, ಉಸಿರು ಕಟ್ಟುತ್ತೆ, ಒಂದೆರಡು ದಿನದಲ್ಲಿ ಎಮ್ಮೆ ಮುಗೀತು. ಮಕ್ಕಳಿಗೆ ಬರುವ ಡಿಫ್ತೀರಿಯಾಕ್ಕೂ ಮರಾಠಿಯಲ್ಲಿ ಇದೇ ಹೆಸರು. ಹೀಗಾಗಿ ನನ್ನ ಕಿವಿಯಲ್ಲಿ ಘಟಸರ್ಪ ಅಂದ್ರೆ ಹಾವಲ್ಲ, ಗಂಟಲ ಬೇನೆ.

ಎಂ.ಎ. ಎರಡನೆಯ ಸೆಮಿಸ್ಟರಿನಲ್ಲಿ ಭಾಷಾಂತರದ ಪತ್ರಿಕೆಗಾಗಿ ಕನ್ನಡ ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯನ್ನು ಮೊದಲ ಸಲ ಓದಿದೆ. 12ನೆಯ ಅಧ್ಯಾಯದಲ್ಲಿ ಆಕಾಶದಲ್ಲೊಂದು ಕೆಂಪು ಪ್ರಾಣಿ ಕಾಣಿಸುತ್ತದೆ. ಏಳು ತಲೆ, ಹತ್ತು ಕೊಂಬು. ಹೆರಿಗೆ ನೋವಿನಲ್ಲಿರುವ ಹೆಂಗಸಿನ ಎದುರು, ಹುಟ್ಟುವ ಕೂಸನ್ನು ನುಂಗೋದಕ್ಕೆ ಕಾದು ನಿಂತಿರುತ್ತದೆ. ಗ್ರೀಕಿನ ಡ್ರಾಕೋನ್, ಇಂಗ್ಲಿಷಿನ ಡ್ರ್ಯಾಗನ್. ಕನ್ನಡದಲ್ಲಿ ಅದು ಘಟಸರ್ಪ. ನನಗೆ ಅಲ್ಲೇ ಬ್ರೇಕ್ ಬಿತ್ತು. ಈ ಪ್ರಬಂಧ ಹುಟ್ಟಿದ್ದು ಆ ತಪ್ಪು ಕೇಳಿಸಿಕೊಂಡದ್ದರಿಂದ. ತಪ್ಪು ಕಿವಿಗೂ ಒಮ್ಮೊಮ್ಮೆ ಸರಿಯಾದದ್ದು ಕೇಳಿಸುತ್ತದೆ ಅನ್ನೋದು ನನ್ನ ವಾದ.

ವಾದ ಇಷ್ಟು. ಸುಮಾರು ಎರಡು ಸಾವಿರ ವರ್ಷ ಈ ಮೃಗಗಳನ್ನು ಅರ್ಥೈಸಿದವರಲ್ಲಿ ಬಹುಪಾಲು ಜನ ಅವುಗಳ ಕೊಂಬು, ತಲೆ, ಸಂಖ್ಯೆ ಎಣಿಸಿ "ಇದು ಯಾರು?" ಎಂದು ಕೇಳಿದ್ದಾರೆ. ಪಠ್ಯ ಮಾತ್ರ ಮತ್ತೆ ಮತ್ತೆ ಅವುಗಳ ಬಾಯಿಯನ್ನು ತೋರಿಸುತ್ತದೆ.

ಮೊದಲು ಮೃಗಗಳ ವಂಶಾವಳಿ. ದಾನಿಯೇಲನ ಪುಸ್ತಕದ 7ನೆಯ ಅಧ್ಯಾಯದಲ್ಲಿ ಸಮುದ್ರದಿಂದ ನಾಲ್ಕು ಪ್ರಾಣಿಗಳು ಏಳುತ್ತವೆ: ಹದ್ದಿನ ರೆಕ್ಕೆಯ ಸಿಂಹ, ಬಾಯಲ್ಲಿ ಮೂರು ಪಕ್ಕೆಲುಬು ಕಚ್ಚಿಕೊಂಡ ಕರಡಿ, ನಾಲ್ಕು ರೆಕ್ಕೆ ನಾಲ್ಕು ತಲೆಯ ಚಿರತೆ, ಕೊನೆಗೆ ಯಾವ ಪ್ರಾಣಿಯ ಹೆಸರನ್ನೂ ಹೇಳಲಾಗದ, ಕಬ್ಬಿಣದ ಹಲ್ಲಿನ, ಹತ್ತು ಕೊಂಬಿನ ಒಂದು. ಆ ಹತ್ತರ ನಡುವೆ ಮೊಳೆಯುವ ಚಿಕ್ಕ ಕೊಂಬಿಗೆ ಮನುಷ್ಯರ ಕಣ್ಣುಗಳಿವೆ, ದೊಡ್ಡ ದೊಡ್ಡ ಮಾತಾಡುವ ಬಾಯಿ ಇದೆ. ಆಧುನಿಕ ವಿದ್ವಾಂಸರಲ್ಲಿ ಹೆಚ್ಚಿನವರು ಈ ಕೊಂಬನ್ನು ಕ್ರಿ.ಪೂ. 167ರಲ್ಲಿ ಜೆರುಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದ ಗ್ರೀಕ್ ದೊರೆ ನಾಲ್ಕನೆಯ ಆಂಟಿಯೋಕಸ್ ಎಂದು ಓದುತ್ತಾರೆ; ಮೃಗಗಳು ಬಾಬಿಲೋನ್, ಮೇದ್ಯ, ಪರ್ಷಿಯ, ಗ್ರೀಸ್. ಆದರೆ ಗ್ರೀಕರ ಕಾಲ ಮುಗಿದರೂ ಲೋಕ ಮುಗಿಯಲಿಲ್ಲ. ಆಗೇನು ಮಾಡೋದು? ಮೊದಲನೆಯ ಶತಮಾನದ ಕೊನೆಯ ಹೊತ್ತಿನ ನಾಲ್ಕನೆಯ ಎಜ್ರ ಎಂಬ ಯೆಹೂದಿ ಗ್ರಂಥದಲ್ಲಿ ಒಂದು ಹದ್ದು ಬರುತ್ತದೆ. ಇದು ದಾನಿಯೇಲನಿಗೆ ಕಂಡ ಅದೇ ನಾಲ್ಕನೆಯ ರಾಜ್ಯ, ಆದರೆ ಈಗ ನಿನಗೆ ವಿವರಿಸುವ ರೀತಿ ಅವನಿಗೆ ವಿವರಿಸಿರಲಿಲ್ಲ ಎಂಬರ್ಥದ ಮಾತನ್ನು ಆ ಗ್ರಂಥ ಸಂಕೋಚವಿಲ್ಲದೆ ಹೇಳಿಬಿಡುತ್ತದೆ. ಗ್ರೀಸ್ ಇದ್ದ ಜಾಗಕ್ಕೆ ರೋಮ್ ಬಂತು. ಅರ್ಥ ಬದಲಾಯಿಸುತ್ತಿದ್ದೇವೆ ಎಂದು ಒಪ್ಪಿಕೊಂಡೇ ಬದಲಾಯಿಸುವ ಈ ಪ್ರಾಮಾಣಿಕತೆ ಆಮೇಲಿನ ವ್ಯಾಖ್ಯಾನಕಾರರಲ್ಲಿ ಅಪರೂಪ.

ಪತ್ಮೋಸ್ ದ್ವೀಪದ ಯೋಹಾನ ಹೆಚ್ಚುಕಡಿಮೆ ಇದೇ ಕಾಲದವನು. ಅವನು ಮಾಡಿದ್ದು ಇನ್ನೂ ಚೆನ್ನಾಗಿದೆ. ದಾನಿಯೇಲನ ನಾಲ್ಕೂ ಪ್ರಾಣಿಗಳನ್ನು ಒಂದೇ ಮೈಗೆ ಹೊಲಿದುಬಿಟ್ಟ. ಚಿರತೆಯ ದೇಹ, ಕರಡಿಯ ಕಾಲು, ಸಿಂಹದ ಬಾಯಿ. ದಾನಿಯೇಲನ ಮೃಗಗಳ ತಲೆ ಕೂಡಿಸಿ ನೋಡಿ: ಒಂದು, ಒಂದು, ನಾಲ್ಕು, ಒಂದು, ಒಟ್ಟು ಏಳು. ಕೊಂಬು ಹತ್ತು. ಲೆಕ್ಕ ಸರಿಹೋಯ್ತು. ಅಂದರೆ ಈ ಮೃಗ ಒಂದು ಸಾಮ್ರಾಜ್ಯವಲ್ಲ, ಸಾಮ್ರಾಜ್ಯಗಳ ಮೊತ್ತ. ಅದನ್ನು ಮತ್ತೆ ಬಿಡಿಸಿ ಒಬ್ಬ ವ್ಯಕ್ತಿಯ ತಲೆಗೆ ಕಟ್ಟುವುದು ಯೋಹಾನ ಮಾಡಿದ ಕೆಲಸವನ್ನು ಹಿಂದಕ್ಕೆ ತಿರುಗಿಸಿದಂತೆ.

ಈಗ ಭಾಷೆಗೆ ಬರ್ತೀನಿ, ಯಾಕಂದ್ರೆ ಈ ಸೆಮಿನಾರಿನಲ್ಲಿ ಕೂತಿರುವ ನಾವೆಲ್ಲ ಎರಡೆರಡು ಬೈಬಲ್ ಓದಬಲ್ಲವರು. 12ನೆಯ ಅಧ್ಯಾಯದ ಆ ಪ್ರಾಣಿ ಕನ್ನಡದಲ್ಲಿ ಘಟಸರ್ಪ, ತೆಲುಗಿನಲ್ಲೂ ಮಹಾ ಘಟಸರ್ಪ. ಆದವಾನಿ, ರಾಯದುರ್ಗದ ಗೆಳೆಯರಿಗೆ ಇದು ಆಶ್ಚರ್ಯವಲ್ಲ. ಆ ತಾಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಕನ್ನಡ ಬೈಬಲ್ ಅನುವಾದದ ಕೆಲಸವನ್ನು ಜಾನ್ ಹ್ಯಾಂಡ್ಸ್ ಮಾಡಿದ್ದೂ ಬಳ್ಳಾರಿಯಲ್ಲೇ. ಕಾಸರಗೋಡು, ವಯನಾಡಿನವರು ಮಲಯಾಳಂನಲ್ಲಿ ಮಹಾಸರ್ಪ ಎಂದು ಓದುತ್ತಾರೆ. ತಾಳವಾಡಿ, ಹೊಸೂರಿನವರು ತಮಿಳಿನಲ್ಲಿ ವಲುಸರ್ಪ, ಬಲಶಾಲಿ ಹಾವು. ನಮ್ಮ ಮರಾಠಿಯಲ್ಲಿ ಅದು ಅಜಗರ, ಅಂದರೆ ಹೆಬ್ಬಾವು.

ಇವು ಬರೀ ಪರ್ಯಾಯ ಪದಗಳಲ್ಲ, ನಾಲ್ಕು ವ್ಯಾಖ್ಯಾನಗಳು. ಅಜಗರಕ್ಕೆ ವಿಷವಿಲ್ಲ, ಅದು ನುಂಗುತ್ತದೆ. ಕೂಸನ್ನು ನುಂಗಲು ಕಾಯುವ ದೃಶ್ಯಕ್ಕೆ ಇದಕ್ಕಿಂತ ಒಳ್ಳೆಯ ಪದ ಸಿಗಲಿಕ್ಕಿಲ್ಲ. ಆದರೆ ಅದೇ ಪ್ರಾಣಿ ಲೋಕವನ್ನೆಲ್ಲ ಮರುಳುಮಾಡುವಾಗ ಅಜಗರ ಸೋಲುತ್ತದೆ, ಹೆಬ್ಬಾವು ಯಾರಿಗೂ ಸುಳ್ಳು ಹೇಳುವುದಿಲ್ಲ. ಮಹಾಸರ್ಪದಲ್ಲಿ ಗಾತ್ರ ಇದೆ, ಆದರೆ ಸರ್ಪಕಾವುಗಳ ನಾಡಿನಲ್ಲಿ ಆ ಪದಕ್ಕೆ ಕೈಮುಗಿಯುವ ಅಭ್ಯಾಸವೂ ಅಂಟಿಕೊಂಡಿದೆ.

ಕನ್ನಡದ ಕಷ್ಟವೂ ಅದೇ. ಏಳು ತಲೆಯ ಹಾವು ನಮಗೆ ರಾಕ್ಷಸ ಅಲ್ಲವೇ ಅಲ್ಲ. ಬೇವಿನ ಮರದ ಕಟ್ಟೆಯ ಮೇಲೆ ಏಳು ಹೆಡೆಯ ನಾಗಪ್ಪನ ಕಲ್ಲಿಗೆ ಪಂಚಮಿಯ ದಿನ ಹಾಲೆರೆದು ಬಂದವರು ನಾವು. ಎರಡು ತಲೆಯ ಗಂಡಭೇರುಂಡ ಕರ್ನಾಟಕ ಸರಕಾರದ ಲಾಂಛನದಲ್ಲೇ ಕೂತಿದೆ. ಐದು ಮುಖ, ಹತ್ತು ತಲೆ, ಸಾವಿರ ಕೈ ನಮ್ಮ ಕಲ್ಪನೆಗೆ ಭಯದ ಗುರುತಲ್ಲ, ಬಹಳ ಸಲ ಮಹಿಮೆಯ ಗುರುತು. ಅನುವಾದದಲ್ಲಿ ಮಹಾನಾಗ ಅಂತ ಬಂದಿದ್ದರೆ ನಮ್ಮೂರ ಅಜ್ಜಿಯರು ಆ ಪುಟಕ್ಕೂ ಅರಿಶಿನ ಹಚ್ಚುತ್ತಿದ್ದರೋ ಏನೋ. ಘಟಸರ್ಪ ಎಂಬುದು ದಿನಬಳಕೆಯಲ್ಲಿ ಸವೆಯದ ಪದ, ಹಾಗಾಗಿ ಹೆದರಿಸುವ ಶಕ್ತಿ ಉಳಿಸಿಕೊಂಡಿದೆ.

ಅದಕ್ಕೆ ಹಳೆಯದೊಂದು ಅರ್ಥವೂ ಇದೆ. ಕೊಡದಲ್ಲಿ ಹಾವಿಟ್ಟು, ಆರೋಪಿಯಿಂದ ಕೈಹಾಕಿಸಿ ಸತ್ಯ ಪರೀಕ್ಷಿಸುವ ದಿವ್ಯಕ್ಕೆ ಘಟಸರ್ಪ ಎಂದೇ ಹೆಸರು. ಕಾರ್ನಾಡರ 'ನಾಗಮಂಡಲ'ದಲ್ಲಿ ರಾಣಿ ಹುತ್ತಕ್ಕೆ ಕೈಹಾಕಿ ಹಾವು ಹಿಡಿದು ಪ್ರಮಾಣ ಮಾಡುತ್ತಾಳಲ್ಲ, ಆ ಪರಂಪರೆ. ಅಲ್ಲಿ ಹಾವು ಸತ್ಯದ ಸಾಕ್ಷಿ. ಪ್ರಕಟನೆಯಲ್ಲಿ ಅದೇ ಹೆಸರಿನ ಪ್ರಾಣಿ ಸುಳ್ಳಿನ ಮೂಲ. ಒಂದೇ ಪದ ಎರಡು ಕಡೆ ತದ್ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಇದನ್ನು ನಾನು ಅನುವಾದದ ದೋಷ ಅನ್ನಲಾರೆ. ಹಾವು ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ಎಂಬ ಪ್ರಶ್ನೆಯನ್ನು ಈ ಪದ ಕನ್ನಡದ ಓದುಗರಿಗೆ ಉಚಿತವಾಗಿ ಕೊಟ್ಟಿದೆ.

ಇನ್ನು ಎಣಿಸುವವರ ವಿಚಾರ. 13ನೆಯ ಅಧ್ಯಾಯದ ಮೃಗಕ್ಕೆ 666 ಎಂಬ ಸಂಖ್ಯೆ ಇದೆ. ಅಕ್ಷರಕ್ಕೆ ಅಂಕ ಕೊಡುವ ಆಟ ನಮಗೆ ಹೊಸದಲ್ಲ. ಮೇಚಕಲ್ಯಾಣಿ ರಾಗದ ಮೊದಲೆರಡು ಅಕ್ಷರಗಳಿಂದ ಕಟಪಯಾದಿಯಲ್ಲಿ 5, 6 ಬಂದು, ತಿರುಗಿಸಿದರೆ ಅದು 65ನೆಯ ಮೇಳಕರ್ತ ಎಂದು ಗೊತ್ತಾಗುತ್ತದೆ. ಹೀಬ್ರೂ ಪದ್ಧತಿಯಲ್ಲಿ ಸ್ಥಾನವಿಲ್ಲ, ಸುಮ್ಮನೆ ಕೂಡಿಸುವುದು. ನೇರೋನ್ ಕೈಸರ್ ಎಂದು ಹೀಬ್ರೂ ಅಕ್ಷರಗಳಲ್ಲಿ ಬರೆದರೆ 50, 200, 6, 50, 100, 60, 200. ಮೊತ್ತ 666. ಲ್ಯಾಟಿನ್ ರೂಪದಂತೆ ಕೊನೆಯ ನಕಾರ ಬಿಟ್ಟು ನೇರೋ ಎಂದರೆ 50 ಕಡಿಮೆಯಾಗಿ 616. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಸುಮಾರು 1700 ವರ್ಷ ಹಳೆಯ ಪಪೈರಸ್ ತುಣುಕಿನಲ್ಲಿ 616 ಅಂತಲೇ ಇದೆ. ಎರಡನೆಯ ಶತಮಾನದ ಐರೇನಿಯಸ್‌ಗೂ ಈ ಪಾಠಾಂತರ ಗೊತ್ತಿತ್ತು, ಅವನು ಒಪ್ಪಲಿಲ್ಲ. ಎರಡು ಪಾಠಗಳನ್ನೂ ಒಂದೇ ಹೆಸರು ವಿವರಿಸುತ್ತದೆ ಎಂಬ ಕಾರಣಕ್ಕೆ ನೇರೋನ ಪಕ್ಷ ನನಗೂ ಬಲವಾಗಿ ಕಾಣುತ್ತದೆ. ಕ್ರೈಸ್ತರನ್ನು ಹಿಂಸಿಸಿದ, ಸತ್ತ ಮೇಲೂ ಮರಳಿ ಬರ್ತಾನೆ ಎಂಬ ವದಂತಿ ಇದ್ದ ಚಕ್ರವರ್ತಿ ಅವನು. ಗಾಯವಾಸಿಯಾದ ತಲೆಗೂ ಇದು ಹೊಂದುತ್ತದೆ.

ಅಲ್ಲಿಗೆ ನಿಲ್ಲಬಹುದಿತ್ತು. ಯಾರೂ ನಿಲ್ಲಲಿಲ್ಲ. 12ನೆಯ ಶತಮಾನದ ಇಟಲಿಯ ಜೋಕಿಮ್ ಏಳು ತಲೆಗಳಿಗೆ ಹೆಸರು ಬರೆಸಿದ, ಹೆರೋದ, ನೇರೋ ಎಲ್ಲ ಆಗಿ ತನ್ನ ಕಾಲದ ಸಲಾದಿನ್‌ವರೆಗೆ ಬಂದ. 1522ರಲ್ಲಿ ಲೂಥರನ ಜರ್ಮನ್ ಹೊಸ ಒಡಂಬಡಿಕೆಗೆ ಕ್ರಾನಾಕ್ ಕೊರೆದ ಚಿತ್ರಗಳಲ್ಲಿ ಮೃಗದ ತಲೆಯ ಮೇಲೆ ಪೋಪ್‌ನ ಮೂರು ಸುತ್ತಿನ ಕಿರೀಟ. ಗಲಾಟೆಯಾಗಿ ಡಿಸೆಂಬರ್ ಮುದ್ರಣದಲ್ಲಿ ಅದು ಸಾದಾ ಕಿರೀಟವಾಯಿತು. ಕ್ಯಾಥೊಲಿಕರ ಕಡೆಯಿಂದ ಜೆಸ್ವಿಟ್ ಪಂಡಿತರು ಎರಡು ಉತ್ತರ ಕೊಟ್ಟರು: ಇದೆಲ್ಲ ಮುಂದೆ ಯಾವಾಗಲೋ ಆಗುವುದೆಂದು ರಿಬೇರಾ, ಹಿಂದೆಯೇ ಆಗಿಹೋಯಿತೆಂದು ಅಲ್ಕಾಸರ್. 1970ರಲ್ಲಿ ಅಮೆರಿಕದ ಹಾಲ್ ಲಿಂಡ್ಸೆ ಯುರೋಪಿನ ಸಾಮಾನ್ಯ ಮಾರುಕಟ್ಟೆಯಲ್ಲಿ ಹತ್ತು ಕೊಂಬು ಕಂಡ. 1981ರಲ್ಲಿ ಗ್ರೀಸ್ ಸೇರಿ ಸರಿಯಾಗಿ ಹತ್ತಾಯಿತು. 1986ರಲ್ಲಿ ಸ್ಪೇನ್, ಪೋರ್ಚುಗಲ್ ಬಂದು ಹನ್ನೆರಡಾಗಿ ಲೆಕ್ಕ ಕೆಟ್ಟಿತು.

ಈ ಚಟವನ್ನು ಎಲ್ಲರಿಗಿಂತ ಚೆನ್ನಾಗಿ ವಿಮರ್ಶಿಸಿದವನು ಒಬ್ಬ ಕಾದಂಬರಿಕಾರ. ಟಾಲ್‌ಸ್ಟಾಯ್‌ನ 'ಯುದ್ಧ ಮತ್ತು ಶಾಂತಿ'ಯಲ್ಲಿ ಪಿಯರ್ ಮೊದಲು ನೆಪೋಲಿಯನ್ ಹೆಸರಿನಲ್ಲಿ 666 ಕಾಣುತ್ತಾನೆ. ಆಮೇಲೆ ಅವನನ್ನು ಮುಗಿಸುವವನು ತಾನೇ ಆಗಿರಬೇಕೆಂದು ತನ್ನ ಹೆಸರನ್ನೂ ಎಣಿಸುತ್ತಾನೆ. ಫ್ರೆಂಚಿನಲ್ಲಿ ಹೇಗ್ಹೇಗೋ ಬರೆದು ನೋಡಿ ಕೊನೆಗೆ 671 ಬರುತ್ತದೆ. ಐದು ಹೆಚ್ಚು. ಒಂದು ಅಕ್ಷರವನ್ನು ವ್ಯಾಕರಣಕ್ಕೆ ವಿರುದ್ಧವಾಗಿ ನುಂಗಿ 666 ಮಾಡಿಕೊಳ್ಳುತ್ತಾನೆ. ಮೃಗವೂ ಮೃಗವನ್ನು ಕೊಲ್ಲುವವನೂ ಒಂದೇ ಅಂಕಿಯಲ್ಲಿ ಸಿಕ್ಕಿದ ಮೇಲೆ ಆ ಅಂಕಿಯಿಂದ ಏನು ತಿಳೀತು?

ನಮ್ಮ ಕಡೆಗೂ ಈ ಲೆಕ್ಕದ ಒಂದು ಎಳೆ ಬಂದಿದೆ. ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಪಯಟಿಸ್ಟ್ ಪಂಡಿತ ಬೆಂಗೆಲ್ 18ನೆಯ ಶತಮಾನದಲ್ಲಿ ಪ್ರಕಟನೆಯ ಅಂಕಿಗಳನ್ನು ಗುಣಿಸಿ ಭಾಗಿಸಿ, ಮೃಗ ಸೋಲುವುದು 1836ರಲ್ಲಿ ಎಂದಿದ್ದ. ಆ ಸೀಮೆಯ ಪಯಟಿಸ್ಟರ ಬೆಂಬಲದಿಂದ ಬೆಳೆದ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದೇ ಸೀಮೆಯ ಮೋಗ್ಲಿಂಗ್ ಬಂದದ್ದು 1836ರ ಕೊನೆಗೆ. ಬೆಂಗೆಲ್ ಹೇಳಿದ ದಿನ ಕಳೆದುಹೋಗಿತ್ತು. ಬಂದವರು ಅಚ್ಚುಕೂಟ ಹಾಕಿದರು, ಪತ್ರಿಕೆ ತಂದರು, ನಿಘಂಟು ಮಾಡಿದರು. ಲೆಕ್ಕ ಇವರನ್ನು ಕಳಿಸಿತು ಅನ್ನೋದು ನನ್ನ ವಾದವಲ್ಲ. ಕನ್ನಡ ಗದ್ಯದ ಇತಿಹಾಸ ಓದುವಾಗ ಈ ಹಿನ್ನೆಲೆಯನ್ನು ನಾವು ಯಾರೂ ನೆನಪಿಸಿಕೊಳ್ಳೋದಿಲ್ಲ ಎಂದಷ್ಟೇ.

ಹೋಲಿಕೆಗೆ ಮೈಲಾರದ ಕಾರ್ಣಿಕ ನೋಡಿ. ಗೊರವಯ್ಯ ಬಿಲ್ಲೇರಿ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾರೆ. ಮರುದಿನ ಪೇಪರಿನಲ್ಲಿ ಮಳೆ, ಬೆಳೆ, ಮಂತ್ರಿ ಎಲ್ಲ ಅದರಲ್ಲಿ ಕಾಣಿಸುತ್ತಾರೆ. ಆದರೆ ಕಾರ್ಣಿಕಕ್ಕೆ ಒಂದು ವರ್ಷದ ಆಯಸ್ಸು, ಮುಂದಿನ ಭಾರತ ಹುಣ್ಣಿಮೆಗೆ ಹೊಸದು ಬರುತ್ತದೆ, ಹಳೆಯ ಅರ್ಥ ಗೊಬ್ಬರಕ್ಕೆ ಹೋಗುತ್ತದೆ. ಪ್ರಕಟನೆಗೆ ಆ ಸೌಕರ್ಯವಿಲ್ಲ. ಅದೇ ಮೃಗ ಎಲ್ಲ ಶತಮಾನಗಳಿಗೂ ದುಡಿಯಬೇಕು.

ಈಗ ನಮ್ಮ ಓಣಿಗೆ ಬರ್ತೀನಿ. 2021ರಲ್ಲಿ ನಮ್ಮ ಓಣಿಯ ಕ್ರೈಸ್ತ ಮನೆಯ ಮಾವಶಿ ಕೊರೋನಾ ಲಸಿಕೆ ಬೇಡ ಅಂದರು. ಲಸಿಕೆಯೇ ಮೃಗದ ಗುರುತು ಅಂತ ಹೇಳುವ ಒಂದು ವಿಡಿಯೋ ಅವರ ಮೊಬೈಲಿಗೆ ಬಂದಿತ್ತು. ಇದೇ ಮಾವಶಿ ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ತಪ್ಪದೆ ಎಮ್ಮೆಗಳಿಗೆ ಘಟಸರ್ಪದ ಸೂಜಿ ಹಾಕಿಸುವವರು. ನಾನು ಮೊದಲು ನಕ್ಕೆ. ಆಮೇಲೆ ನಗೋದು ಕಷ್ಟವಾಯ್ತು. ಗುರುತಿಲ್ಲದವರು ಕೊಳ್ಳುವಂತಿಲ್ಲ, ಮಾರುವಂತಿಲ್ಲ ಎಂದು 13ನೆಯ ಅಧ್ಯಾಯ ಹೇಳುತ್ತದೆ. ಅವರು ನೋಡಿದ್ದೇನು? ಗಡಿ ಚೆಕ್‌ಪೋಸ್ಟಿನಲ್ಲಿ ರಿಪೋರ್ಟ್ ಇಲ್ಲದೆ ಕರ್ನಾಟಕಕ್ಕೆ ಬಿಡುತ್ತಿರಲಿಲ್ಲ. ಅವರ ತವರು ಇರುವುದು ಆಳಂದದ ಕಡೆ. ಆ ವರ್ಷದ ಕೊನೆಗೆ ಬಸ್ಸಿಗೂ ಎರಡು ಡೋಸಿನ ಸರ್ಟಿಫಿಕೇಟ್ ಅಂದರು. ಅವರ ಉತ್ತರ ತಪ್ಪು, ಅಪಾಯಕಾರಿಯಾಗಿ ತಪ್ಪು. ಆದರೆ ಅವರ ಕಣ್ಣಿಗೆ ಬಿದ್ದ ಸಂಗತಿ ಪಠ್ಯದಲ್ಲಿ ಇಲ್ಲದ್ದೇನಲ್ಲ. ಗುರುತು ಅನ್ನುವಲ್ಲಿ ಗ್ರೀಕಿನಲ್ಲಿರುವುದು ಖಾರಗ್ಮಾ. ರೋಮನ್ ಕಾಲದ ಈಜಿಪ್ಟಿನ ವ್ಯಾಪಾರ ಪತ್ರಗಳ ಮೇಲಿನ ಚಕ್ರವರ್ತಿಯ ಮುದ್ರೆಗೆ ಇದೇ ಪದ ಬಳಕೆಯಲ್ಲಿತ್ತು ಎಂದು ಡೈಸ್‌ಮಾನ್ ತೋರಿಸಿದ್ದಾನೆ. ಕಾಗದಪತ್ರದ ಭಯ ಈ ಪುಸ್ತಕದಲ್ಲಿ ಮೊದಲಿನಿಂದಲೂ ಇದೆ.

ಹಾಗಾದರೆ ಮಾವಶಿಯ ಓದು ತಪ್ಪಿದ್ದೆಲ್ಲಿ? ಅವರು ಗುರುತನ್ನು ನೋಡಿದರು, ಬಾಯಿಯನ್ನು ನೋಡಲಿಲ್ಲ. ಪಠ್ಯದಲ್ಲಿ ಮೃಗಕ್ಕೆ ದೊಡ್ಡ ಮಾತಾಡುವ ಬಾಯಿ ಕೊಡಲಾಗುತ್ತದೆ. ಮೃಗದ ಪ್ರತಿಮೆಗೂ ಮಾತಾಡುವ ಉಸಿರು ಬರುತ್ತದೆ. ಘಟಸರ್ಪ ಹೆಂಗಸಿನ ಹಿಂದೆ ಬಾಯಿಂದ ಹೊಳೆಯನ್ನೇ ಉಗುಳುತ್ತದೆ. 16ನೆಯ ಅಧ್ಯಾಯದಲ್ಲಿ ಅವುಗಳ ಬಾಯಿಂದ ಕಪ್ಪೆಗಳಂಥ ಅಶುದ್ಧ ಆತ್ಮಗಳು ಹೊರಡುತ್ತವೆ. ಎಲ್ಲಕ್ಕಿಂತ ಮುಖ್ಯ, ನೆಲದಿಂದ ಏಳುವ ಎರಡನೆಯ ಮೃಗ. ಅದಕ್ಕೆ ಕುರಿಮರಿಯ ಹಾಗೆ ಎರಡೇ ಕೊಂಬು. ಕಣ್ಣಿಗೆ ಸಾಧು. ಬಾಯಿ ತೆರೆದರೆ ಘಟಸರ್ಪದ ಮಾತು. ಕೊಂಬು ಎಣಿಸುವವರು ಇದರ ಮುಂದೆ ಮೋಸಹೋಗಲೇಬೇಕು, ಯಾಕಂದ್ರೆ ಇದನ್ನು ಗುರುತಿಸಲು ಇರುವ ದಾರಿ ಕಿವಿ ಒಂದೇ. ಸಮುದ್ರದ ಮೃಗ ಹಡಗಿನಲ್ಲಿ ಬಂದ ರೋಮ್ ಆದರೆ, ನೆಲದ ಮೃಗ ಪೆರ್ಗಮ, ಎಫೆಸದಂಥ ಊರುಗಳಲ್ಲಿ ಚಕ್ರವರ್ತಿಗೆ ಗುಡಿ ಕಟ್ಟಿಸಿದ ಸ್ಥಳೀಯ ಗಣ್ಯರು ಎಂಬ ಓದು ವಿದ್ವಾಂಸರಲ್ಲಿದೆ. ದೂರದ ದೊರೆಯ ಮಾತನ್ನು ನಮ್ಮದೇ ಭಾಷೆಯಲ್ಲಿ, ನಮ್ಮದೇ ಧಾಟಿಯಲ್ಲಿ ಹೇಳುವವರು. ಆ ವಿಡಿಯೋ ಕೂಡ ಅಚ್ಚ ಕನ್ನಡದಲ್ಲಿತ್ತು, ಬಹಳ ಮೃದುವಾದ ದನಿ, ನಮ್ಮ ಕಡೆಯದೇ ಧಾಟಿ.

ನನ್ನ ಓದಿಗೆ ಇರುವ ದೊಡ್ಡ ಆಕ್ಷೇಪವನ್ನು ನಾನೇ ಹೇಳಿಬಿಡ್ತೀನಿ. 19ನೆಯ ಅಧ್ಯಾಯದಲ್ಲಿ ಬಿಳಿ ಕುದುರೆಯ ಸವಾರನ ಬಾಯಿಂದಲೂ ಕತ್ತಿ ಹೊರಡುತ್ತದೆ, ಆ ಕತ್ತಿ ಕೊಲ್ಲುತ್ತದೆ, ಹಕ್ಕಿಗಳಿಗೆ ಹೆಣದೂಟ. ಬಾಯಿಯೇ ಮೃಗತ್ವದ ಗುರುತಾದರೆ ಈ ಬಾಯಿಯನ್ನು ಏನನ್ನಬೇಕು? ಡಿ.ಎಚ್. ಲಾರೆನ್ಸ್ 1931ರಲ್ಲಿ ಮರಣಾನಂತರ ಬಂದ ತನ್ನ 'ಅಪಾಕಲಿಪ್ಸ್'ನಲ್ಲಿ ಈ ಪುಸ್ತಕವನ್ನು ದುರ್ಬಲರ ಸೇಡಿನ ಕನಸು ಎಂದು ದ್ವೇಷಿಸಿದ. ಸೇಡು ಇದೆ, ಅಲ್ಲಗಳೆಯಲ್ಲ. ಆದರೆ ಅವನು ಚಕ್ರವರ್ತಿಯ ಪ್ರತಿಮೆಗೆ ಧೂಪ ಹಾಕಲೇಬೇಕಾದ ಊರಲ್ಲಿ ಬದುಕಿದವನಲ್ಲ. ಸಾಕ್ಷಿಯ ಮಾತು ಕತ್ತಿ, ಸೈನ್ಯದ ಕತ್ತಿಯಲ್ಲ ಎಂದು ಕೆಲವರು ಸಮರ್ಥಿಸುತ್ತಾರೆ. ಹಕ್ಕಿಗಳ ಊಟದ ಸಾಲು ಬಂದಾಗ ಆ ಸಮರ್ಥನೆ ನನಗೆ ಪೂರ್ತಿ ನಿಲ್ಲೋದಿಲ್ಲ.

ಇಷ್ಟು ನನ್ನ ಪ್ರಬಂಧ. ಚಾಟ್‌ನಲ್ಲಿ ಕಾಸರಗೋಡಿನಿಂದ ಒಂದು ಪ್ರಶ್ನೆ ಬಂದಿದೆ, ಓದ್ತೀನಿ: ಮಾವಶಿ ಕೊನೆಗೆ ಲಸಿಕೆ ತಗೊಂಡರಾ, ನಿಮ್ಮ ವ್ಯಾಖ್ಯಾನದಿಂದ ಏನಾದರೂ ಬದಲಾಯಿತಾ ಅಂತ.

ಪ್ರಾಮಾಣಿಕವಾಗಿ ಹೇಳಬೇಕಂದ್ರೆ, ನನ್ನ ವ್ಯಾಖ್ಯಾನದಿಂದಲ್ಲ. ನಾನು ಅವರ ಮುಂದೆ ಕೂತು 12 ಮತ್ತು 13ನೆಯ ಅಧ್ಯಾಯ ಜೋರಾಗಿ ಓದಿಸಿದ್ದು ನಿಜ. ಘಟಸರ್ಪ ಬಂದ ಕೂಡಲೆ ನಿಂತು, "ಇದು ಎಮ್ಮಿಗೆ ಬರೂದಲ್ಲೇನ?" ಅಂದ್ರು, ಇಬ್ಬರೂ ನಕ್ಕೆವು. ಕುರಿಮರಿ ಕೊಂಬಿನ ಮೃಗದ ಹತ್ತಿರ ಸ್ವಲ್ಪ ಹೊತ್ತು ಸುಮ್ಮನಿದ್ದರು, ಏನೂ ಹೇಳಲಿಲ್ಲ. ಡಿಸೆಂಬರಿನಲ್ಲಿ ಮಗಳ ಹೆರಿಗೆಗೆ ಸೋಲಾಪುರದ ಆಸ್ಪತ್ರೆಯೊಂದರಲ್ಲಿ ಸರ್ಟಿಫಿಕೇಟ್ ಇಲ್ಲದೆ ಒಳಗೆ ಬಿಡಲ್ಲ ಅಂದಾಗ ಹೋಗಿ ಸೂಜಿ ಹಾಕಿಸಿಕೊಂಡರು. ಆ ಕಾಗದವನ್ನು ಮಡಚಿ ಬೈಬಲ್ಲಿನೊಳಗೇ ಇಟ್ಟಿದ್ದಾರೆ. ಯಾವ ಪುಟದಲ್ಲಿ ಅಂತ ನಾನು ಕೇಳಿಲ್ಲ.

ಸಮಯ ಮುಗೀತು ಅಂತ ಸರ್ ಸನ್ನೆ ಮಾಡ್ತಿದ್ದಾರೆ. ತಾಳವಾಡಿಯವರ ಪ್ರಶ್ನೆಗೆ, ವಲುಸರ್ಪದ ಬಗ್ಗೆ ಕೇಳಿದ್ದೀರಿ, ಮೇಲ್‌ನಲ್ಲಿ ಉತ್ತರಿಸ್ತೀನಿ.